ಜಾಲ ಬಾಹ್ಯತೆ ಮೇಲೆ ಪ್ರಾಜೆಕ್ಟ್ ಮಾಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಕೋಲಾರದ ಒಂದು ಪದವಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತೇನೆ. ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟಿಗೋ ಎಂ.ಎ. ಪ್ರಬಂಧಕ್ಕೋ ‘ನೆಟ್‌ವರ್ಕ್ ಎಕ್ಸ್‌ಟರ್ನಾಲಿಟಿ’ ಎಂದು ಬರೆದ ಹಾಳೆ ಹಿಡಿದು ಬರುವವರು ವರ್ಷಕ್ಕೆ ನಾಲ್ಕಾರು ಜನ ಇದ್ದೇ ಇರುತ್ತಾರೆ. ಇಲ್ಲಿರುವ ಪ್ರಶ್ನೆಗಳು ಸ್ಟಾಫ್ ರೂಮಿನ ಬಾಗಿಲಲ್ಲಿ, ಬಂಗಾರಪೇಟೆ ಬಸ್ಸಿನಲ್ಲಿ, ಶಿರಾ, ಚಿಂತಾಮಣಿ ಕಡೆಯಿಂದ ಬಂದ ಪತ್ರಗಳಲ್ಲಿ ಮತ್ತೆ ಮತ್ತೆ ಎದುರಾದವು. ಕೇಳಿದವರ ಮಾತನ್ನು ತಿದ್ದಿಲ್ಲ. ಯಾವ ಉತ್ತರವನ್ನಾದರೂ ಬಿಡಿಯಾಗಿ ಓದಬಹುದು.

ಮೊದಲ ಮೆಟ್ಟಿಲು

“ಮೇಡಂ, ಜಾಲ ಬಾಹ್ಯತೆ ಅಂದ್ರೆ ಸುಲಭವಾಗಿ ಏನು?”

ಮುಳಬಾಗಿಲಿನ ಒಬ್ಬ ಅಜ್ಜಿ ಸ್ಮಾರ್ಟ್‌ಫೋನು ತಗೊಂಡು ವೀಡಿಯೊ ಕಾಲ್ ಕಲಿತರು ಅಂದುಕೊಳ್ಳಿ. ತಗೊಳ್ಳುವ ಮೊದಲು ಅವರು ಲೆಕ್ಕ ಹಾಕಿದ್ದು ಎರಡೇ: ತನಗೆಷ್ಟು ಖುಷಿ, ರೀಚಾರ್ಜಿಗೆ ಎಷ್ಟು ಖರ್ಚು. ಆದರೆ ಅವರು ಸೇರಿದ್ದರಿಂದ ಹೊಸಕೋಟೆಯ ಮಗಳಿಗೂ ಪುಣೆಯ ಮೊಮ್ಮಗನಿಗೂ ಪಕ್ಕದ ಬೀದಿಯ ಗೆಳತಿಗೂ ತಮ್ಮ ತಮ್ಮ ಫೋನಿನ ಉಪಯೋಗ ಒಂದು ಗುಲಗಂಜಿಯಷ್ಟು ಹೆಚ್ಚಾಯಿತು. ಆ ಹೆಚ್ಚಳ ಅಜ್ಜಿಯ ಲೆಕ್ಕದಲ್ಲಿ ಇರಲಿಲ್ಲ. ಅದೇ ಜಾಲ ಬಾಹ್ಯತೆ.

ಎರಡು ಪದಕ್ಕೂ ಬೇರೆ ಬೇರೆ ಕೆಲಸವಿದೆ. ‘ಜಾಲ’ ಅಂದರೆ ಬಳಸುವವರ ಸಂಖ್ಯೆ ಬದಲಾದಂತೆ ಪ್ರತಿಯೊಬ್ಬರಿಗೂ ಸಿಗುವ ತುಷ್ಟಿಗುಣ, ಅಂದರೆ ಬಳಕೆಯ ತೃಪ್ತಿ, ಬದಲಾಗುತ್ತದೆ. ‘ಬಾಹ್ಯತೆ’ ಅಂದರೆ ಆ ಬದಲಾವಣೆ ಸೇರುವವರ ನಿರ್ಧಾರದ ಒಳಗೆ ಬರುವುದಿಲ್ಲ. ಮೊಮ್ಮಗನೇ ತನ್ನ ಖುಷಿಗಾಗಿ ಅಜ್ಜಿಯ ರೀಚಾರ್ಜ್ ಮಾಡಿಸಿದರೆ ಅವನ ಲಾಭ ಲೆಕ್ಕದೊಳಗೆ ಬಂದುಬಿಟ್ಟಿತು. ಆಗ ಜಾಲದ ಪರಿಣಾಮ ಇದೆ, ಅವನ ಮಟ್ಟಿಗೆ ಬಾಹ್ಯತೆ ಇಲ್ಲ. 1994ರಲ್ಲಿ ಲೀಬೊವಿಟ್ಸ್ ಮತ್ತು ಮಾರ್ಗೊಲಿಸ್ ಎಂಬ ಅರ್ಥಶಾಸ್ತ್ರಜ್ಞರು ಈ ವ್ಯತ್ಯಾಸವನ್ನು ಒತ್ತಿ ಹೇಳಿದರು. ನಾನು ನೋಡುವ ಪ್ರಾಜೆಕ್ಟುಗಳಲ್ಲಿ ಹೆಚ್ಚಿನವು ಮೊದಲ ಪದವನ್ನು ಹಿಡಿದು ಎರಡನೆಯದನ್ನು ಕೈಬಿಡುತ್ತವೆ.

“ಜಾಸ್ತಿ ಜನ ಬಳಸೋದೆಲ್ಲಾ ಜಾಲ ಬಾಹ್ಯತೆಯೇ ಅಲ್ವಾ?”

ಅಲ್ಲ. ಪ್ರೆಷರ್ ಕುಕ್ಕರ್ ಹೆಚ್ಚುಕಡಿಮೆ ಎಲ್ಲರ ಮನೆಯಲ್ಲೂ ಇದೆ. ಪಕ್ಕದ ಮನೆಯವರೂ ತಂದರು ಅಂತ ನಿಮ್ಮ ಬೇಳೆ ಬೇಗ ಬೇಯುವುದಿಲ್ಲ.

ತಂತಿ ಹರಡಿದ್ದೆಲ್ಲಾ ಕೂಡ ಈ ಅರ್ಥದ ಜಾಲವಲ್ಲ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ದೂರದ ನಮ್ಮ ಕೆಜಿಎಫ್ ಚಿನ್ನದ ಗಣಿಗೆ ಕರೆಂಟು ಬಂತು; ಬೆಂಗಳೂರಿನ ಬೀದಿದೀಪಕ್ಕಿಂತ ಮೊದಲು. ಗಣಿಯಂಥ ದೊಡ್ಡ ಗಿರಾಕಿ ಇದ್ದದ್ದರಿಂದಲೇ ಅಷ್ಟುದ್ದ ತಂತಿ ಎಳೆಯುವುದು ಕಂಪನಿಗೆ ಗಿಟ್ಟಿತು. ಅದು ಉತ್ಪಾದನಾ ಪ್ರಮಾಣದ ಮಿತವ್ಯಯ, ಅಂದರೆ ಹೆಚ್ಚು ಪೂರೈಸಿದಷ್ಟೂ ತಲಾ ಖರ್ಚು ಇಳಿಯುವುದು. ಒಂದು ಗಣಿಗೆ ಕರೆಂಟು ಬಂದದ್ದರಿಂದ ಇನ್ನೊಂದು ಗಣಿಯ ಮೋಟರು ಜೋರಾಗಿ ತಿರುಗುವುದಿಲ್ಲ.

ಇದಕ್ಕೆ ತಿರುಗುಮುರುಗಾದ ಉದಾಹರಣೆಯೂ ಇಲ್ಲೇ ಇದೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೋಲಾರದ ಕೆರೆಗಳಿಗೆ ಬರುತ್ತಿದೆ. ಕೆರೆಯಿಂದ ಕೆರೆಗೆ ಕೋಡಿ ಹರಿಯುತ್ತದೆ, ಸುತ್ತಲ ಬಾವಿ-ಬೋರುಗಳ ಮೇಲೆ ಪರಿಣಾಮವಾಗುತ್ತದೆ. ಇದು ಬಾಹ್ಯತೆ ಹೌದು, ಆದರೆ ಯಾರೂ ಯಾವುದಕ್ಕೂ ‘ಸೇರಿ’ಕೊಂಡದ್ದಲ್ಲ.

ನಾನು ಹೇಳಿಕೊಡುವ ಪರೀಕ್ಷೆ ಇಷ್ಟೇ. ನಾಳೆ ಬೆಳಿಗ್ಗೆ ಉಳಿದವರೆಲ್ಲ ಇದನ್ನು ಬಿಟ್ಟರು, ಬೆಲೆ ಮಾತ್ರ ಹಾಗೇ ಇದೆ. ನಿಮಗೆ ಅದರ ಉಪಯೋಗ ಕಡಿಮೆಯಾಯಿತೆ? ಕುಕ್ಕರಿಗೆ ಇಲ್ಲ, ಯುಪಿಐಗೆ ಹೌದು. ಫ್ಯಾಷನ್ ಸೀರೆಗೆ? ಅಲ್ಲಿ ಗೆರೆ ತೆಳ್ಳಗಾಗುತ್ತದೆ. ಎಲ್ಲರೂ ಉಟ್ಟರೆಂದು ಉಡುವವರನ್ನು, ಎಲ್ಲರೂ ಉಟ್ಟರೆಂದೇ ಬಿಡುವವರನ್ನು ಲೈಬನ್‌ಸ್ಟೈನ್ 1950ರಲ್ಲೇ ಬೇಡಿಕೆಯ ರೇಖೆಯ ಮೇಲೆ ಕೂರಿಸಿ ತೋರಿಸಿದ್ದರು.

“ಜಾಲ ಅಂದ್ರೆ ಇಂಟರ್‌ನೆಟ್ ತಾನೇ? ಸಂತೆ, ಮಂಡಿ ಎಲ್ಲಾ ಯಾಕೆ ತರ್ತೀರ?”

ಸಂತೆ ಇಂಟರ್‌ನೆಟ್ಟಿಗಿಂತ ಹಳೆಯ ಜಾಲ. ಮಾರುವವರು ಬರುತ್ತಾರೆಂದು ಕೊಳ್ಳುವವರು, ಕೊಳ್ಳುವವರು ಬರುತ್ತಾರೆಂದು ಮಾರುವವರು. ವಾರಕ್ಕೊಂದು ದಿನ ಅಂತ ಗೊತ್ತು ಮಾಡಿದ್ದೇ ಇಬ್ಬರೂ ಒಟ್ಟಿಗೆ ಸೇರಲಿ ಎಂದು.

ಫೋನಿನಲ್ಲಿ ಒಬ್ಬರು ಸೇರಿದರೆ ಇನ್ನೊಬ್ಬರಿಗೆ ನೇರ ಲಾಭ. ಇದು ನೇರ ಜಾಲ ಪರಿಣಾಮ. ಮಂಡಿಯಲ್ಲಿ ಹಾಗಲ್ಲ. ಇನ್ನೊಬ್ಬ ರೈತ ಟೊಮೆಟೊ ತಂದರೆ ನಿಮಗೇನು ಲಾಭ? ಆ ದಿನದ ಮಟ್ಟಿಗೆ ಪೈಪೋಟಿಯೇ. ಆದರೆ ಲೋಡು ಹೆಚ್ಚು ಬರುವ ಮಂಡಿಗೆ ಹೊರರಾಜ್ಯದ ಖರೀದಿದಾರರು ಖಾಯಂ ಆಗಿ ಬಂದು ಕೂರುತ್ತಾರೆ, ಲಾರಿ ಸುಲಭವಾಗಿ ಸಿಗುತ್ತದೆ, ಹರಾಜಿನಲ್ಲಿ ಕೂಗುವ ಬಾಯಿಗಳು ಹೆಚ್ಚುತ್ತವೆ. ಸುತ್ತು ಬಳಸಿ ಲಾಭ ನಿಮಗೂ ತಲುಪುತ್ತದೆ. ಇದು ಪರೋಕ್ಷ ಜಾಲ ಪರಿಣಾಮ. ಎರಡು ಬಗೆಯ ಗಿರಾಕಿಗಳನ್ನು ಒಂದೇ ಚಾವಡಿಗೆ ತರುವ ಇಂಥ ವ್ಯವಸ್ಥೆಗಳ ಬೆಲೆ ಹೇಗೆ ನಿಲ್ಲುತ್ತದೆ ಎಂದು ರೋಶೆ ಮತ್ತು ಟಿರೋಲ್ 2003ರಲ್ಲಿ ಬರೆದರು. ಅವರು ನೋಡುತ್ತಿದ್ದದ್ದು ಕ್ರೆಡಿಟ್ ಕಾರ್ಡಿನಂಥವನ್ನು. ಕೋಲಾರದ ಎಪಿಎಂಸಿ ಯಾರ್ಡು ಏಷ್ಯಾದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದು. ಆಂಧ್ರದ ಮದನಪಲ್ಲಿಯಲ್ಲಿ ಇನ್ನೊಂದು ದೊಡ್ಡದಿದೆ. ನಡುವಿನ ಊರಿನ ರೈತ ಬೆಳಗಿನ ಜಾವ ಗಾಡಿಯನ್ನು ಯಾವ ಕಡೆ ತಿರುಗಿಸುತ್ತಾನೆ ಅನ್ನುವುದರಲ್ಲಿ ಇಡೀ ಸಿದ್ಧಾಂತ ಅಡಗಿದೆ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ರೈತರ ಮತ್ತು ರೀಲರುಗಳ ನಡುವೆಯೂ ಇದೇ ಆಟ.

“ಇದನ್ನ ಮೊದಲು ಹೇಳಿದ್ದು ಯಾರು? ಯಾರ್ಯಾರ ಹೆಸರು ಬರೀಬೇಕು?”

ಹೆಸರುಗಳ ಮೆರವಣಿಗೆ ಬೇಡ, ನಾಲ್ಕು ಸಾಕು. 1908ರ ಎಟಿ ಅಂಡ್ ಟಿ ಕಂಪನಿಯ ವಾರ್ಷಿಕ ವರದಿಯಲ್ಲೇ ಅದರ ಅಧ್ಯಕ್ಷ ಥಿಯೊಡರ್ ವೇಲ್, ಆ ತುದಿಯಲ್ಲಿ ಸಂಪರ್ಕವಿಲ್ಲದ ಟೆಲಿಫೋನು ಆಟಿಕೆಯೂ ಅಲ್ಲ ಎಂಬರ್ಥದ ಮಾತು ಬರೆದಿದ್ದರು. ಸಿದ್ಧಾಂತವಾಗಿ ಕಟ್ಟಿದ್ದು ಬೆಲ್ ಲ್ಯಾಬ್ಸಿನ ಜೆಫ್ರಿ ರೋಲ್ಫ್ಸ್, 1974ರಲ್ಲಿ. 1970ರಲ್ಲಿ ಪಿಟ್ಸ್‌ಬರ್ಗಿನಲ್ಲಿ ಶುರುವಾದ ಪಿಕ್ಚರ್‌ಫೋನ್, ಅಂದರೆ ಮುಖ ನೋಡಿ ಮಾತಾಡುವ ಫೋನು, ನೆಲ ಕಚ್ಚಿತ್ತು. ಕರೆ ಮಾಡೋಣವೆಂದರೆ ಆ ಕಡೆ ಯಾರ ಬಳಿಯೂ ಇರಲಿಲ್ಲ. 1985ರಲ್ಲಿ ಕಾಟ್ಸ್ ಮತ್ತು ಶಪಿರೊ ಕಂಪನಿಗಳ ಪೈಪೋಟಿ, ಒಂದರ ಸರಕು ಇನ್ನೊಂದರದ್ದರ ಜೊತೆ ಕೆಲಸ ಮಾಡುವ ಹೊಂದಾಣಿಕೆಯ ವಿಷಯಕ್ಕೆ ಇದನ್ನು ಒಯ್ದರು. ನೇರ, ಪರೋಕ್ಷ ಎಂಬ ವಿಂಗಡಣೆ ಅಲ್ಲಿಂದ ಬಳಕೆಗೆ ಬಂತು. ಅದೇ ವರ್ಷ ಪಾಲ್ ಡೇವಿಡ್ ಟೈಪ್‌ರೈಟರ್ ಕೀಲಿಮಣೆಯ ಇತಿಹಾಸ ಬರೆದರು.

“ನಾನು ಕನ್ನಡ ಮಾಧ್ಯಮ. ಕನ್ನಡದಲ್ಲೇ ಬರೆದ್ರೆ ನಡೆಯುತ್ತಾ?”

ವಿಶ್ವವಿದ್ಯಾಲಯದ ನಿಯಮ ಒಪ್ಪಿದರೆ ಧಾರಾಳವಾಗಿ ಬರೆಯಿರಿ. ತುಷ್ಟಿಗುಣ, ಸೀಮಾಂತ ವೆಚ್ಚ, ಸಮತೋಲನ ಪಠ್ಯದಲ್ಲೇ ಇವೆ. ಆ್ಯಪ್, ಕ್ಯೂಆರ್ ಕೋಡ್ ಹಾಗೇ ಇರಲಿ. ‘ಕ್ರಿಟಿಕಲ್ ಮಾಸ್’, ಅಂದರೆ ಜಾಲ ತಾನಾಗಿ ಬೆಳೆಯಲು ಬೇಕಾದಷ್ಟು ಜನ, ಅದಕ್ಕೆ ‘ನಿರ್ಣಾಯಕ ದ್ರವ್ಯರಾಶಿ’ ಅಂತ ಮಾತ್ರ ಬರೆಯಬೇಡಿ, ಭೌತಶಾಸ್ತ್ರದವರು ಬಂದಾರು. ‘ಕನಿಷ್ಠ ಗುಂಪು’ ಎಂದರೆ ನನಗೆ ಸಾಕು.

ವಿಷಯ ಹುಡುಕುವಾಗ

“ವಾಟ್ಸಾಪ್ ಮೇಲೆ ಮಾಡ್ತೀನಿ ಅಂದ್ರೆ ಬೇಡ ಅಂತೀರಲ್ಲ, ಯಾಕೆ ಮೇಡಂ?”

ನಿಮ್ಮ ತರಗತಿಯಲ್ಲಿ ಅದು ಇಲ್ಲದವರು ಯಾರು? ಎಲ್ಲರೂ ಒಳಗಿರುವಾಗ ಹೋಲಿಸಲು ಏನೂ ಉಳಿಯುವುದಿಲ್ಲ. ಜ್ವರದ ಕಾರಣ ತಿಳಿಯಬೇಕಾದರೆ ಜ್ವರ ಬಂದವರೂ ಬಾರದವರೂ ಇಬ್ಬರೂ ಬೇಕು.

ಇನ್ನೂ ಅರ್ಧದಲ್ಲಿರುವ ಜಾಲ ಹುಡುಕಿ: ಕೆಲವರು ಸೇರಿದ್ದಾರೆ, ಕೆಲವರು ಸೇರಿಲ್ಲ, ಕೆಲವರು ಸೇರಿ ಬಿಟ್ಟಿದ್ದಾರೆ. ಆ ಮೂರನೆಯವರೇ ಚಿನ್ನ.

“ನಮ್ಮೂರಲ್ಲಿ ಅಂಥದ್ದೇನು ಸಿಗುತ್ತೆ?”

ಕಣ್ಣು ಬಿಟ್ಟು ಒಂದು ಸುತ್ತು ಬನ್ನಿ. ಶ್ರೀನಿವಾಸಪುರದ ಮಾವಿನ ಮಂಡಿಗಳ ಸಾಲಿನಲ್ಲಿ ಯಾರು ರೈತರಿಗೆ ಖಾತೆಗೆ ಹಣ ಹಾಕುತ್ತಾರೆ, ಯಾರು ಇನ್ನೂ ಚೀಟಿ ಬರೆದು ನಗದು ಕೊಡುತ್ತಾರೆ? ಚಿಕ್ಕಬಳ್ಳಾಪುರದ ಹೂವಿನ ಬೆಳೆಗಾರರ ದರದ ಗ್ರೂಪಿನಲ್ಲಿ ದರ ಹಾಕುವವರು ಯಾರು, ಓದಿ ಸುಮ್ಮನಿರುವವರು ಯಾರು? ಒಬ್ಬರು ನಿಜವಾದ ದರ ಹಾಕಿದರೆ ಎಲ್ಲರಿಗೂ ಲಾಭ, ಹಾಕಿದವರಿಗೆ ಏನೂ ಇಲ್ಲ. ಪಠ್ಯಪುಸ್ತಕದ ಬಾಹ್ಯತೆ ಇದಕ್ಕಿಂತ ಚೊಕ್ಕಟವಾಗಿ ಸಿಗದು.

ತಿಪಟೂರಿನ ಕೊಬ್ಬರಿ ದರವನ್ನು ಅಕ್ಕಪಕ್ಕದ ತಾಲ್ಲೂಕಿನವರೂ ತಮ್ಮ ಅಳತೆಗೋಲು ಮಾಡಿಕೊಂಡಿರುತ್ತಾರೆ. ಒಂದು ಮಾರುಕಟ್ಟೆಯ ಸುದ್ದಿ ಬೇರೆಯವರಿಗೆ ಪುಕ್ಕಟೆ ಸಿಗುವುದೂ ಒಂದು ವಿಷಯ. ಕರ್ನಾಟಕ 2014ರಿಂದ ಎಪಿಎಂಸಿಗಳನ್ನು ಒಂದೇ ಆನ್‌ಲೈನ್ ವೇದಿಕೆಗೆ ಜೋಡಿಸತೊಡಗಿತು. ಅದರ ಮೇಲೆ 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಭತ್ತ, ಕಡಲೆಕಾಯಿ, ಮೆಕ್ಕೆಜೋಳದ ದರ ಏರಿತು, ಆದರೆ ಎಲ್ಲ ಸರಕಿಗೂ ಹಾಗಾಗಲಿಲ್ಲ ಎಂದು ಕಂಡುಕೊಂಡಿತು. ಪಾವಗಡ, ಶಿರಾ ಕಡೆಯ ಕಡಲೆಕಾಯಿ ರೈತರ ಮಕ್ಕಳು ಈ ಬಾಗಿಲು ತಟ್ಟಬಹುದು.

“ಮಂಡೀಲಿ ಎಲ್ಲರೂ ತೆಲುಗು ಮಾತಾಡ್ತಾರೆ. ಭಾಷೆ ಮೇಲೆ ಮಾಡಬಹುದಾ, ಇಲ್ಲಾ ಅದು ಕನ್ನಡ ಡಿಪಾರ್ಟ್‌ಮೆಂಟಿನವರದ್ದಾ?”

ನಮ್ಮದೂ ಹೌದು. ನಮ್ಮ ಗಡಿಯಲ್ಲಿ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಲಾರಿಯವನ ಹತ್ತಿರ ತಮಿಳು ಅನ್ನುವವರು ಬೇಕಾದಷ್ಟು. ಕನ್ನಡದ ಹುಡುಗ ತೆಲುಗು ಕಲಿತರೆ ತೆಲುಗಿನವರೆಲ್ಲರಿಗೂ ಮಾತಾಡಲು ಇನ್ನೊಬ್ಬ ಸಿಕ್ಕಂತೆ. ಆ ಲಾಭ ಅವನ ಲೆಕ್ಕದಲ್ಲಿ ಇರದು. ಚರ್ಚ್ ಮತ್ತು ಕಿಂಗ್ ಎಂಬ ಇಬ್ಬರು 1993ರಲ್ಲಿ ದ್ವಿಭಾಷಿಕತೆಯನ್ನು ಹೀಗೇ ಜಾಲ ಬಾಹ್ಯತೆಯಾಗಿ ವಿಶ್ಲೇಷಿಸಿದ್ದಾರೆ. ಯಾವ ಭಾಷೆಯವರು ಯಾವ ಭಾಷೆ ಕಲಿತರು ಎನ್ನುವುದಕ್ಕೆ ಜನಸಂಖ್ಯೆಯೊಂದೇ ಕಾರಣವೋ, ಹಣ ಯಾರ ಕೈಯಲ್ಲಿದೆ ಅನ್ನುವುದೂ ಕಾರಣವೋ? ಹರಾಜು ಕೂಗುವ ಭಾಷೆಯನ್ನು ಒಂದು ವಾರ ನಿಂತು ಕೇಳಿ ಬರೆದುಕೊಂಡರೆ ಅಧ್ಯಾಯ ಸಿದ್ಧ.

“ನುಡಿ, ಬರಹ, ಯೂನಿಕೋಡ್ ಗಲಾಟೆ ಅರ್ಥಶಾಸ್ತ್ರಕ್ಕೆ ಬರುತ್ತಾ?”

ಬರುತ್ತದೆ, ಮತ್ತು ಇದು ನನಗೆ ಅಚ್ಚುಮೆಚ್ಚಿನ ವಿಷಯ. ನುಡಿ, ಬರಹದಂಥ ತಂತ್ರಾಂಶಗಳ ಹಳೆಯ ಕನ್ನಡ ಫಾಂಟುಗಳು ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ್ದವು. ಫಾಂಟು ಇರುವ ಕಂಪ್ಯೂಟರಿನಲ್ಲಿ ಕನ್ನಡ, ಇಲ್ಲದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು. ಒಂದು ತಂತ್ರಾಂಶದ ಫೈಲು ಇನ್ನೊಂದರಲ್ಲಿ ತೆರೆಯುತ್ತಿರಲಿಲ್ಲ. ಯೂನಿಕೋಡ್ ಅಂದರೆ ಪ್ರತಿ ಅಕ್ಷರಕ್ಕೂ ಎಲ್ಲ ಕಂಪ್ಯೂಟರಿನಲ್ಲೂ ಒಂದೇ ಸಂಕೇತ; 1991ರ ಅದರ ಮೊದಲ ಆವೃತ್ತಿಯಲ್ಲೇ ಕನ್ನಡ ಇತ್ತು. ಆದರೂ ತಾಲ್ಲೂಕು ಕಚೇರಿ ಎದುರಿನ ಡಿಟಿಪಿ ಅಂಗಡಿ ಅತ್ತ ಹೊರಳಲು ವರ್ಷಗಟ್ಟಲೆ ಬೇಕಾಯಿತು. ಯಾಕೆ? ಅಂಗಡಿಯವನು ಹಳೆಯ ಫಾಂಟು ಬಿಟ್ಟರೆ ಪ್ರೆಸ್ಸಿನವನಿಗೆ ಫೈಲು ಓದಲಾಗದು. ಪ್ರೆಸ್ಸಿನವನು ಬಿಟ್ಟರೆ ಅವನಿಗೆ ಬರುವ ಫೈಲುಗಳೆಲ್ಲ ಹಳೆಯವೇ. ಮೊದಲು ಹೊರಟವನಿಗೆ ನಷ್ಟ. ಎಲ್ಲರೂ ಒಟ್ಟಿಗೆ ಹೊರಟರೆ ಎಲ್ಲರಿಗೂ ಲಾಭ. ಸ್ಮಾರ್ಟ್‌ಫೋನುಗಳು ಯೂನಿಕೋಡ್ ಕನ್ನಡವನ್ನು ಹೊತ್ತು ತಂದ ಮೇಲೆ ತಕ್ಕಡಿ ವಾಲಿತು.

ಇಲ್ಲಿ ಸೂಕ್ಷ್ಮವೊಂದಿದೆ. ಅಕ್ಷರ ಉಳಿಸುವ ಸಂಕೇತ ಬೇರೆ, ಬೆರಳಿಡುವ ಕೀಲಿಮಣೆ ವಿನ್ಯಾಸ ಬೇರೆ. ಕೆ.ಪಿ. ರಾವ್ ವಿನ್ಯಾಸ ಹಳೆಯ ಫಾಂಟಿನ ಕಾಲದಿಂದ ಯೂನಿಕೋಡ್ ಕಾಲಕ್ಕೂ ದಾಟಿ ಬಂತು. ಹಾಗಾಗಿ ಟೈಪಿಸ್ಟರ ಬೆರಳಿನ ಅಭ್ಯಾಸ ವ್ಯರ್ಥವಾಗಲಿಲ್ಲ. ಹೊರಳುವ ವೆಚ್ಚದ ಒಂದು ತುಂಡು ಕಡಿಮೆ, ಇನ್ನೊಂದು ತುಂಡು ಹಾಗೇ: ಇಂಥ ಬಿಡಿಸಿ ನೋಡುವ ಅವಕಾಶ ಎಲ್ಲರಿಗೂ ಸಿಗುವುದಿಲ್ಲ.

ಪಾಲ್ ಡೇವಿಡ್ ಅವರು ಇಂಗ್ಲಿಷ್ ಕೀಲಿಮಣೆಯನ್ನು ‘ಕೆಟ್ಟ ಮಾನದಂಡಕ್ಕೆ ಸಿಕ್ಕಿಹಾಕಿಕೊಂಡ’ ಉದಾಹರಣೆಯಾಗಿ ಕೊಟ್ಟರು. 1990ರಲ್ಲಿ ಲೀಬೊವಿಟ್ಸ್, ಮಾರ್ಗೊಲಿಸ್ ಅದನ್ನು ಅಲ್ಲಗಳೆದು, 1936ರಲ್ಲಿ ಪೇಟೆಂಟ್ ಪಡೆದ, ಅದಕ್ಕೆ ಪ್ರತಿಸ್ಪರ್ಧಿಯಾದ ಡ್ವೊರಾಕ್ ವಿನ್ಯಾಸ ಅಷ್ಟು ಮೇಲೆಂಬುದಕ್ಕೆ ಪುರಾವೆ ಸಾಲದು ಎಂದರು. ಎರಡೂ ಕಡೆಯವರನ್ನು ಓದಿ. ಅಂದಹಾಗೆ ನಾವು ‘ಕ’ ಒತ್ತುವ ಕೀಲಿ ಇರುವ ಜಾಗವನ್ನು ಗೊತ್ತುಮಾಡಿದ್ದು 1870ರ ದಶಕದ ಅಮೆರಿಕದ ಟೈಪ್‌ರೈಟರ್.

“ಎಲ್ಲರೂ ಟೊಮೆಟೊ ಹಾಕಿದ್ರು, ರೇಟು ಬಿತ್ತು. ಇದು ನೆಗೆಟಿವ್ ಜಾಲ ಬಾಹ್ಯತೆ ಅಲ್ವಾ ಮೇಡಂ?”

ನಮ್ಮ ಜಿಲ್ಲೆಯಲ್ಲಿ ಅತಿ ಹೆಚ್ಚು ಬರುವ ಪ್ರಶ್ನೆ. ಅತಿ ಹೆಚ್ಚು ತಪ್ಪಾಗುವುದೂ ಇಲ್ಲೇ. 2023ರ ಜುಲೈನಲ್ಲಿ 15 ಕೆ.ಜಿ. ಬಾಕ್ಸು 2,000 ರೂಪಾಯಿ ದಾಟಿತು. ಅದನ್ನು ನೋಡಿ ಹಾಕಿದವರೆಲ್ಲರ ಬೆಳೆ ಒಟ್ಟಿಗೆ ಬಂದಾಗ ದರ ಕುಸಿಯುವುದು ಸಹಜ. ನಿಮ್ಮ ಬೆಳೆಯಿಂದ ನನಗೆ ದರ ಬಿದ್ದದ್ದು ನಿಜ. ಆದರೆ ನಾನು ಕಳೆದುಕೊಂಡ ರೂಪಾಯಿ ಕೊಂಡವರ ಜೇಬಿಗೆ ಹೋಯಿತು. ಬೆಲೆಯ ಮೂಲಕ ಒಬ್ಬರಿಂದ ಇನ್ನೊಬ್ಬರಿಗೆ ಸಾಗುವ ಇದನ್ನು ಹಣಸಂಬಂಧಿ ಬಾಹ್ಯತೆ ಅನ್ನುತ್ತಾರೆ. ಪೈಪೋಟಿಯ ಮಾರುಕಟ್ಟೆ ಸರಿಯಾಗಿದ್ದರೆ ಇದು ಮಾರುಕಟ್ಟೆಯ ವೈಫಲ್ಯವಲ್ಲ, ರೈತನಿಗೆ ಎಷ್ಟೇ ನೋವಾದರೂ. ಟೊಮೆಟೊ ರಸ್ತೆಗೆ ಸುರಿದ ಅಪ್ಪನ ಮಗಳಿಗೆ ಈ ವಾಕ್ಯ ಹೇಳುವುದು ಸುಲಭವಲ್ಲ, ಹೇಳಿದ್ದೇನೆ.

ಅದೇ ದಿನ ಯಾರ್ಡಿನ ಗೇಟಿನಲ್ಲಿ ಗಾಡಿಗಳು ಗಂಟೆಗಟ್ಟಲೆ ನಿಂತು, ಹಮಾಲರು ಸಿಗದೆ, ಬಿಸಿಲಿಗೆ ಹಣ್ಣು ಕೊಳೆತರೆ? ಆ ಹಣ್ಣು ಯಾರ ಹೊಟ್ಟೆಗೂ ಹೋಗಲಿಲ್ಲ, ಆ ನಷ್ಟ ಯಾರ ಲಾಭವೂ ಅಲ್ಲ. ಅದು ದಟ್ಟಣೆಯ ಬಾಹ್ಯತೆ, ನಿಜವಾದ ಋಣಾತ್ಮಕ ಜಾಲ ಪರಿಣಾಮ. ಅಂದರೆ ಒಂದೇ ಬೆಳಿಗ್ಗೆ, ಒಂದೇ ಮಂಡಿಯಲ್ಲಿ ಮೂರೂ ಇವೆ: ದೊಡ್ಡ ಮಂಡಿಯಾದ್ದರಿಂದ ಖರೀದಿದಾರರು ಬಂದ ಲಾಭ, ದರ ಬಿದ್ದ ವರ್ಗಾವಣೆ, ಗೇಟಿನಲ್ಲಿ ಕೊಳೆತ ನಷ್ಟ. ಮೂರನ್ನೂ ಬೇರೆ ಬೇರೆ ಕಾಲಮ್ಮಿನಲ್ಲಿ ಬರೆದುಕೊಂಡು ಬಂದವರಿಗೆ ನಾನು ಕಾಫಿ ಕೊಡಿಸುತ್ತೇನೆ.

ಬೀದಿಗಿಳಿದ ಮೇಲೆ

“ಎಷ್ಟು ಜನರನ್ನ ಕೇಳಬೇಕು? ನೂರು ಸಾಕಾ?”

ಜಿಲ್ಲೆಯಲ್ಲೆಲ್ಲ ಚದುರಿದ ನೂರು ಜನಕ್ಕಿಂತ ಒಂದೇ ಬೀದಿಯ ನಲವತ್ತು ಅಂಗಡಿ ಮೇಲು. ಜಾಲ ಅಂದರೆ ಕೊಂಡಿಗಳು. ಅಲ್ಲೊಬ್ಬರು ಇಲ್ಲೊಬ್ಬರನ್ನು ಆರಿಸಿದರೆ ಮಣಿಗಳು ಸಿಗುತ್ತವೆ, ದಾರ ಸಿಗುವುದಿಲ್ಲ. ಕ್ಲಾಕ್ ಟವರ್ ಸುತ್ತಲಿನ ಒಂದು ಬೀದಿ ಹಿಡಿದು ಎರಡೂ ಬದಿಯ ಎಲ್ಲ ಅಂಗಡಿಗಳನ್ನೂ ಬಿಡದೆ ಮುಗಿಸಿ, ನಕ್ಷೆ ಬರೆದುಕೊಳ್ಳಿ, ಯಾರು ಯಾರಿಗೆ ಸಗಟು ಕೊಡುತ್ತಾರೆ, ಚಿಲ್ಲರೆ ಬೇಕಾದಾಗ ಯಾರ ಹತ್ತಿರ ಓಡುತ್ತಾರೆ ಎಂದು ಗೆರೆ ಎಳೆಯಿರಿ. ಆಮೇಲೆ ಅಂಥದ್ದೇ ಇನ್ನೊಂದು ಬೀದಿ.

“ಪ್ರಶ್ನಾವಳೀಲಿ ಏನು ಕೇಳಬಾರದು?”

‘ಬೇರೆಯವರು ಬಳಸುವುದರಿಂದ ನೀವೂ ಬಳಸುತ್ತೀರಾ? ಹೌದು/ಇಲ್ಲ’ ಎಂಬ ಪ್ರಶ್ನೆಯನ್ನು ಮೊದಲ ವರ್ಷ ನಾನೇ ಬರೆಸಿದ್ದೆ. ‘ಹೌದು’ ಅಂದರೆ ಕುರಿಮಂದೆಯವರಾಗುತ್ತೇವೆಂದು ಹೆಚ್ಚಿನವರು ‘ಇಲ್ಲ’ ಅಂದರು. ಹುಡುಗಿ ಪಾಪ ‘ಜಾಲ ಬಾಹ್ಯತೆ ಇಲ್ಲ’ ಎಂದು ತೀರ್ಮಾನ ಬರೆದಳು. ತಪ್ಪು ನನ್ನದು.

ಅಭಿಪ್ರಾಯ ಕೇಳಬೇಡಿ, ನಡೆದದ್ದನ್ನು ಕೇಳಿ. ಕ್ಯೂಆರ್ ಕೋಡ್ ಹಾಕಿದ್ದು ಯಾವಾಗ? ಆಗ ಅಕ್ಕಪಕ್ಕ ಯಾರ ಅಂಗಡಿಯಲ್ಲಿತ್ತು? ಸಗಟು ವ್ಯಾಪಾರಿ ಹಾಕಿಸಿಕೊಂಡಿದ್ದರೇ? ಇಲ್ಲ ಅಂದಾಗ ಗಿರಾಕಿ ಹೊರಟುಹೋದದ್ದು ನೆನಪಿದೆಯೇ? ತಾರೀಕು ಯಾರಿಗೂ ನೆನಪಿರುವುದಿಲ್ಲ. ‘ನೋಟು ರದ್ದಾದಾಗಲೋ, ಲಾಕ್‌ಡೌನಿಗೆ ಮುಂಚೆಯೋ, ಮಗಳು ಎಸ್ಸೆಸ್ಸೆಲ್ಸಿ ಬರೆದ ವರ್ಷವೋ’ ಅಂದರೆ ಠಣ್ ಎಂದು ಹೇಳುತ್ತಾರೆ. ಗೋಡೆ ನೋಡುವುದನ್ನೂ ಮರೆಯಬೇಡಿ. ಒಂದರ ಮೇಲೊಂದು ಅಂಟಿಸಿದ ಸ್ಟಿಕ್ಕರುಗಳಲ್ಲಿ ಸತ್ತ ಜಾಲಗಳ ಇತಿಹಾಸವಿದೆ.

“ಅಂಗಡಿಯೋರು ‘ಟ್ಯಾಕ್ಸ್ ಆಫೀಸಿಂದ ಬಂದಿದೀರಾ?’ ಅಂತ ಓಡಿಸ್ತಾರೆ. ಏನ್ಮಾಡೋದು?”

ಅವರ ಭಯಕ್ಕೆ ಕಾರಣವಿದೆ. ವಹಿವಾಟು ಎಷ್ಟು ಎಂದು ಕೇಳಲೇಬೇಡಿ. ಹತ್ತು ಗಿರಾಕಿಗಳಲ್ಲಿ ಎಷ್ಟು ಜನ ಫೋನು ತೆಗೆಯುತ್ತಾರೆ ಅಂತ ಮಾತ್ರ ಕೇಳಿ. ಕಾಲೇಜಿನ ಪತ್ರ, ಗುರುತಿನ ಚೀಟಿ ಮೊದಲೇ ತೋರಿಸಿ. ಹೆಸರು ಬರೆಯದೆ ಅಂಗಡಿಗೊಂದು ಸಂಖ್ಯೆ ಕೊಡಿ. ಬೆಳಿಗ್ಗೆ ಬೋಣಿಗೆ ಮುಂಚೆ ಹೋಗಬೇಡಿ. ಮಧ್ಯಾಹ್ನ ಮೂರರ ಹೊತ್ತು ಒಳ್ಳೆಯದು.

“ರೆಡಿಮೇಡ್ ಅಂಕಿಅಂಶ ಎಲ್ಲಿ ಸಿಗುತ್ತೆ?”

ಮಂಡಿಯ ದಿನವಾರು ಆವಕ, ದರಕ್ಕೆ ಕೃಷಿ ಮಾರಾಟ ವಾಹಿನಿ ಮತ್ತು ಅಗ್‌ಮಾರ್ಕ್‌ನೆಟ್ ಎಂಬ ಸರ್ಕಾರಿ ತಾಣಗಳು. ಯುಪಿಐ ತಿಂಗಳ ಲೆಕ್ಕ ಅದನ್ನು ನಡೆಸುವ ಎನ್‌ಪಿಸಿಐ ಸಂಸ್ಥೆಯ ತಾಣದಲ್ಲಿದೆ. 2023ರ ಆಗಸ್ಟಿನಲ್ಲಿ ಮೊದಲ ಸಲ ತಿಂಗಳಿಗೆ 1,000 ಕೋಟಿ ವಹಿವಾಟು ದಾಟಿದ್ದು ಅಲ್ಲೇ ಸಿಗುತ್ತದೆ. ಜಿಲ್ಲಾ ಮಟ್ಟಕ್ಕೆ ಫೋನ್‌ಪೇ ಪಲ್ಸ್ 2018ರಿಂದ ತ್ರೈಮಾಸಿಕ ಅಂಕಿ ಕೊಡುತ್ತದೆ, ಆದರೆ ಅದು ಒಂದೇ ಆ್ಯಪಿನದು ಎಂಬುದನ್ನು ಬರೆಯಲೇಬೇಕು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ ಮೊಬೈಲ್ ಚಂದಾದಾರರ ಲೆಕ್ಕ ಇಡೀ ಕರ್ನಾಟಕ ವಲಯದ್ದು. ಅದನ್ನು ತುಮಕೂರಿಗೆ ಭಾಗಿಸಿಕೊಂಡು ಬರಬೇಡಿ.

ಇನ್ನೊಂದು ಹಳ್ಳ: ಚಿಕ್ಕಬಳ್ಳಾಪುರ ಜಿಲ್ಲೆ ಆದದ್ದು 2007ರಲ್ಲಿ. 2001ರ ಜನಗಣತಿಯ ‘ಕೋಲಾರ’ದಲ್ಲಿ ಅದೂ ಸೇರಿದೆ. 2011ರ ಕೋಲಾರದ ಜೊತೆ ನೇರ ಹೋಲಿಸಿ ‘ಜನಸಂಖ್ಯೆ ಕುಸಿದಿದೆ’ ಎಂದು ಬರೆದವರೂ ಇದ್ದಾರೆ.

ಆಳಕ್ಕಿಳಿದವರಿಗೆ

“ಪಕ್ಕದವರನ್ನ ನೋಡಿ ಸೇರಿದ್ರೋ, ಇಬ್ಬರಿಗೂ ಒಂದೇ ಕಾರಣ ಇತ್ತೋ? ಹೇಗೆ ಬಿಡಿಸೋದು?”

ಜನ ಮರುಳೋ ಜಾತ್ರೆ ಮರುಳೋ ಅನ್ನುತ್ತಾರಲ್ಲ, ಅದೇ ಈ ಕ್ಷೇತ್ರದ ಅತಿ ಕಷ್ಟದ ಪ್ರಶ್ನೆ. ಚಾರ್ಲ್ಸ್ ಮ್ಯಾನ್‌ಸ್ಕಿ 1993ರಲ್ಲಿ ಇದಕ್ಕೆ ಪ್ರತಿಬಿಂಬದ ಸಮಸ್ಯೆ ಎಂದು ಹೆಸರಿಟ್ಟರು. ಕನ್ನಡಿಯ ಮುಂದಿನ ಮನುಷ್ಯ, ಕನ್ನಡಿಯೊಳಗಿನ ಬಿಂಬ ಒಟ್ಟಿಗೇ ಕೈ ಎತ್ತುತ್ತಾರೆ. ಯಾರನ್ನು ನೋಡಿ ಯಾರು ಎತ್ತಿದರು? ಒಂದು ಬೀದಿಯ ಅಂಗಡಿಗಳೆಲ್ಲ ಒಂದೇ ತಿಂಗಳು ಕ್ಯೂಆರ್ ಹಾಕಿದರೆ ಅದು ಪರಸ್ಪರ ಪರಿಣಾಮ ಇರಬಹುದು, ಕಂಪನಿಯ ಹುಡುಗ ಆ ತಿಂಗಳು ಆ ಬೀದಿಗೆ ಬಂದಿರಲೂಬಹುದು.

ಬಿಡಿಸಲು ಹೊರಗಿನಿಂದ ಬಂದ, ಎಲ್ಲರಿಗೂ ಸಮನಾಗಿ ಬಡಿಯದ ಪೆಟ್ಟು ಬೇಕು. 2016ರ ನವೆಂಬರ್ 8ರ ನೋಟು ರದ್ದತಿಯನ್ನು ಕ್ರೂಜೆ, ಗುಪ್ತಾ, ಮೆಜಾನೊಟ್ಟಿ ಹಾಗೆ ಬಳಸಿದರು. ಹೊಸ ನೋಟು ಎಲ್ಲ ಜಿಲ್ಲೆಗೂ ಒಂದೇ ವೇಗದಲ್ಲಿ ತಲುಪಲಿಲ್ಲ. ಹೆಚ್ಚು ಕೊರತೆ ಅನುಭವಿಸಿದ ಕಡೆ ವ್ಯಾಪಾರಿಗಳು ಡಿಜಿಟಲ್ ಪಾವತಿಗೆ ಹೆಚ್ಚಾಗಿ ಸೇರಿದರು. ನಗದು ಮರಳಿದ ಮೇಲೂ ಸೇರುವುದು ನಿಲ್ಲಲಿಲ್ಲ. ಪೆಟ್ಟು ತಾತ್ಕಾಲಿಕ, ಪರಿಣಾಮ ಖಾಯಂ ಎಂದರೆ ನಡುವೆ ಜಾಲ ಕೆಲಸ ಮಾಡಿದೆ ಎಂಬುದು ಅವರ ವಾದ.

ಇನ್ನೊಂದು ದಾರಿ ಕೊಂಡಿಗಳನ್ನೇ ಎಣಿಸುವುದು. ಬ್ಯಾನರ್ಜಿ, ಚಂದ್ರಶೇಖರ್, ಡುಫ್ಲೊ, ಜಾಕ್ಸನ್ ನಮ್ಮ ದಕ್ಷಿಣ ಕರ್ನಾಟಕದ 75 ಹಳ್ಳಿಗಳಲ್ಲಿ ಯಾರು ಯಾರ ಮನೆಗೆ ಹೋಗುತ್ತಾರೆ, ಸೀಮೆಎಣ್ಣೆ-ಅಕ್ಕಿ ಯಾರಿಂದ ಕಡ ತರುತ್ತಾರೆ ಎಂದೆಲ್ಲ ಕೇಳಿ ನಕ್ಷೆ ಮಾಡಿದರು. ಅವುಗಳಲ್ಲಿ 43 ಹಳ್ಳಿಗಳಿಗೆ ಮೈಕ್ರೊಫೈನಾನ್ಸ್ ಬಂತು. 2013ರಲ್ಲಿ ಪ್ರಕಟವಾದ ಫಲಿತಾಂಶ: ನೆಂಟರಿಷ್ಟರು ಸಾಲ ತೆಗೆದುಕೊಂಡರೆಂದು ಮೆಚ್ಚಿ ಸೇರುವುದು ಅತ್ಯಲ್ಪ, ಸುದ್ದಿ ತಲುಪಿದ್ದೇ ಮುಖ್ಯ. ‘ನೋಡಿ ಕಲಿತರು’ ಎಂದು ಬರೆಯುವ ಮೊದಲು ‘ಕೇಳಿ ತಿಳಿದರು’ ಅನ್ನುವುದನ್ನು ಬೇರೆ ಮಾಡಬೇಕು. ಈ ದತ್ತಾಂಶ ಸಾರ್ವಜನಿಕವಾಗಿ ಸಿಗುತ್ತದೆ. ಎಂ.ಎ.ಯವರು ಹೊಸ ಸರ್ವೆ ಬಿಟ್ಟು ಇದನ್ನೇ ಮತ್ತೆ ಉತ್ತರೂ ಒಳ್ಳೆಯ ಬೆಳೆ ಬರುತ್ತದೆ.

“ಎಷ್ಟು ಪರ್ಸೆಂಟ್ ಜನ ಸೇರಿದ್ರೆ ಉಳಿದವರು ತಾನಾಗೇ ಸೇರ್ತಾರೆ?”

ಒಂದು ಸಂಖ್ಯೆ ಇಲ್ಲ. ಗ್ರಾನೊವೆಟರ್ 1978ರಲ್ಲಿ ಕೊಟ್ಟ ಲೆಕ್ಕವನ್ನು ನಮ್ಮೂರಿಗೆ ತರುತ್ತೇನೆ. ನೂರು ಮನೆ. ಮೊದಲನೆಯವರು ಯಾರೂ ಇಲ್ಲದಿದ್ದರೂ ಸೇರುತ್ತಾರೆ, ಎರಡನೆಯವರು ಒಬ್ಬರು ಸೇರಿದ್ದರೆ, ಮೂರನೆಯವರು ಇಬ್ಬರು ಸೇರಿದ್ದರೆ, ಹೀಗೇ ನೂರನೆಯವರು ತೊಂಬತ್ತೊಂಬತ್ತು ಸೇರಿದ್ದರೆ. ಸಾಲಾಗಿ ನೂರೂ ಸೇರುತ್ತಾರೆ. ಈಗ ಎರಡನೆಯವರನ್ನು ಮಾತ್ರ ಬದಲಿಸಿ, ‘ಇಬ್ಬರು ಸೇರಲಿ, ಆಮೇಲೆ ನೋಡೋಣ’ ಅನ್ನುವವರನ್ನು ಕೂರಿಸಿ. ಒಬ್ಬರಿಗೇ ನಿಂತುಹೋಗುತ್ತದೆ. ಎರಡು ಊರಿನ ಜನರ ಸ್ವಭಾವ ಹೆಚ್ಚುಕಡಿಮೆ ಒಂದೇ, ಫಲಿತಾಂಶ ಅಜಗಜಾಂತರ. ‘ಆ ಊರಿನವರು ಮುಂದುವರಿದವರು, ಈ ಊರಿನವರು ಹಿಂದುಳಿದವರು’ ಎಂದು ಬರೆಯಲು ಕೈ ಹೋದಾಗ ಈ ಎರಡನೆಯ ಮನೆಯನ್ನು ನೆನೆಸಿಕೊಳ್ಳಿ.

“ಮೆಟ್‌ಕಾಫ್ ನಿಯಮದ ಸೂತ್ರ ಹಾಕಿದ್ರೆ ಮಾರ್ಕ್ಸ್ ಜಾಸ್ತಿ ಬರುತ್ತಾ?”

10 ಫೋನಿಗೆ 45 ಜೋಡಿ, 100 ಫೋನಿಗೆ 4,950 ಜೋಡಿ; ಜಾಲದ ಮೌಲ್ಯ ಬಳಕೆದಾರರ ಸಂಖ್ಯೆಯ ವರ್ಗದಷ್ಟು (ಸಂಖ್ಯೆ × ಸಂಖ್ಯೆ) ಬೆಳೆಯುತ್ತದೆ ಎಂಬುದು ಆ ಮಾತು. ಆದರೆ ಆ 4,950 ಜೋಡಿಯಲ್ಲಿ ಎಷ್ಟು ಜೋಡಿ ನಿಜವಾಗಿ ಮಾತಾಡುತ್ತವೆ? ಬ್ರಿಸ್ಕೊ, ಒಡ್ಲಿಜ್ಕೊ, ಟಿಲ್ಲಿ 2006ರಲ್ಲಿ ಇದನ್ನೇ ಹಿಡಿದು, ಬೆಳವಣಿಗೆ ಅಷ್ಟು ಕಡಿದಾಗಿಲ್ಲ ಎಂದು ವಾದಿಸಿದರು. ಅಲಂಕಾರಕ್ಕೆ ಸೂತ್ರ ಬೇಡ.

“ಒಂದು ಸಲ ಬೆಳೆದ ಜಾಲ ಹಿಂದಕ್ಕೆ ಸರಿಯುತ್ತಾ?”

ಸರಿಯುತ್ತದೆ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟಿನ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕೊಟ್ಟಾಗ ಬೆಂಗಳೂರಿನಲ್ಲಿ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಬೋರ್ಡುಗಳು ಬಂದವು. ಕೇಳಬೇಕಾದ್ದು: ಒಂದು ಅಂಗಡಿ ಬೋರ್ಡು ಹಾಕಿದ್ದು ಪಕ್ಕದ ಅಂಗಡಿಗೆ ಧೈರ್ಯ ಕೊಟ್ಟಿತೆ, ಅಥವಾ ಗಿರಾಕಿಗಳನ್ನು ಪಕ್ಕದ ಅಂಗಡಿಗೆ ದೂಡಿತೆ? ಮೊದಲನೆಯದಾದರೆ ಜಾಲ ಕುಸಿಯುತ್ತದೆ, ಎರಡನೆಯದಾದರೆ ತಾನೇ ತಾನಾಗಿ ಮರಳುತ್ತದೆ.

“ಕೊನೆ ಅಧ್ಯಾಯದಲ್ಲಿ ‘ಸರ್ಕಾರ ಏನು ಮಾಡಬೇಕು’ ಅಂತ ಏನು ಬರೀಲಿ?”

‘ಜಾಗೃತಿ ಮೂಡಿಸಬೇಕು’ ಎಂದು ಬರೆದರೆ ನಾನೇ ಹೊಡೆದುಹಾಕುತ್ತೇನೆ. ಬಾಹ್ಯತೆ ಇದೆ ಎಂದ ಮಾತ್ರಕ್ಕೆ ಸಬ್ಸಿಡಿ ಬೇಕೆಂದೂ ಅಲ್ಲ. ಜಾಲದ ಒಡೆಯರೇ ಮೊದಲು ಸೇರುವವರಿಗೆ ಕ್ಯಾಶ್‌ಬ್ಯಾಕ್ ಕೊಟ್ಟು ಆ ಲಾಭವನ್ನು ತಮ್ಮ ಲೆಕ್ಕದೊಳಗೆ ಎಳೆದುಕೊಂಡಿರಬಹುದು.

ಸರ್ಕಾರದ ಕೈಯಲ್ಲಿರುವ ಒಳ್ಳೆಯ ಹತಾರ ಜಾಲಗಳನ್ನು ಒಂದಕ್ಕೊಂದು ಬೆಸೆಯುವ ನಿಯಮ. ದೇಶಾದ್ಯಂತ 2011ರ ಜನವರಿ 20ರಿಂದ ನಂಬರು ಬದಲಿಸದೆ ಮೊಬೈಲ್ ಕಂಪನಿ ಬದಲಿಸಬಹುದಾಯಿತು. ಒಂದು ಕಂಪನಿಯಿಂದ ಇನ್ನೊಂದಕ್ಕೆ ಕರೆ ದಾಟಿಸುವ ಶುಲ್ಕ 2017ರಲ್ಲಿ ನಿಮಿಷಕ್ಕೆ 14 ಪೈಸೆಯಿಂದ 6ಕ್ಕೆ ಇಳಿದು 2021ರ ಜನವರಿಯಿಂದ ಸೊನ್ನೆಯಾಯಿತು. 2016ರಲ್ಲಿ ಬಂದ ಯುಪಿಐನಲ್ಲಿ ಯಾವ ಆ್ಯಪಿನಿಂದ ಯಾವ ಆ್ಯಪಿಗಾದರೂ ಹಣ ಹೋಗುತ್ತದೆ. ಹಾಗಿದ್ದೂ ಎರಡೇ ಆ್ಯಪುಗಳ ಕೈಯಲ್ಲಿ ಬಹುಪಾಲು ವಹಿವಾಟು ಇದೆ. ಒಂದು ಆ್ಯಪಿಗೆ ಒಟ್ಟು ವಹಿವಾಟಿನ ಶೇ. 30 ಮೀರಬಾರದೆಂದು 2020ರಲ್ಲಿ ಘೋಷಿಸಿದ ಮಿತಿಯ ಗಡುವು 2026ರ ಕೊನೆಗೆ ಹೋಗಿದೆ. ಬೆಸುಗೆ ಇದ್ದೂ ಯಾಕೆ ಹೀಗೆ? ಜಾಲ ಬಾಹ್ಯತೆಯೇ, ಬರೀ ಅಭ್ಯಾಸವೇ, ಅಂಗಡಿಯಲ್ಲಿ ಹಣ ಬಂತೆಂದು ಕೂಗುವ ಆ ಸ್ಪೀಕರ್ ಡಬ್ಬಿಯೇ? ಇದಕ್ಕೆ ಪ್ರಬಂಧ ಬರೆಯುವವರು ಇನ್ನೂ ನನ್ನ ಬಾಗಿಲಿಗೆ ಬಂದಿಲ್ಲ.

“ಸೇರದೇ ಇರೋರಿಗೆ ಏನಾಗುತ್ತೆ? ನಮ್ಮ ತಾತನ ಹತ್ರ ಫೋನೇ ಇಲ್ಲ.”

ಚಿಂತಾಮಣಿಯ ಒಬ್ಬ ಹುಡುಗಿ ಪತ್ರದಲ್ಲಿ ಕೇಳಿದ್ದು. ಪಠ್ಯದಲ್ಲಿ ಸೇರಿದವರ ಲಾಭದ್ದೇ ಮಾತು, ಸೇರದವರು ಇದ್ದಲ್ಲೇ ಇರುತ್ತಾರೆ ಎಂಬ ಭಾವನೆ. ಹಾಗಾಗುವುದಿಲ್ಲ. ಎಲ್ಲರ ಕೈಗೂ ಮೊಬೈಲು ಬಂದ ಮೇಲೆ ಬಸ್‌ಸ್ಟ್ಯಾಂಡಿನ ಎಸ್‌ಟಿಡಿ ಬೂತು, ಅಂಗಡಿ ಮುಂದಿನ ಹಳದಿ ಕಾಯಿನ್ ಫೋನು ಹೋದವು. ತಾತ ಏನನ್ನೂ ಬಿಡಲಿಲ್ಲ. ಅವರ ಜಾಲವೇ ಅವರನ್ನು ಬಿಟ್ಟಿತು. ಚಿಲ್ಲರೆ ಇಟ್ಟುಕೊಳ್ಳುವ ಅಂಗಡಿ ಕಡಿಮೆಯಾದಷ್ಟೂ ನಗದು ಹಿಡಿದವರಿಗೆ ಬಾಕಿ ಬದಲು ಚಾಕೊಲೇಟು.

ಮನುಷ್ಯರ ನಡುವಿನ ಕೊಂಡಿಗಳಿಗೂ ಹೀಗಾಗುತ್ತದೆ. ಮೇಲೆ ಹೇಳಿದ ಕರ್ನಾಟಕದ ಹಳ್ಳಿಗಳನ್ನೇ ಮತ್ತೆ ನೋಡಿ 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮೈಕ್ರೊಫೈನಾನ್ಸ್ ಬಂದ ಊರುಗಳಲ್ಲಿ ಪರಸ್ಪರ ಕಡ ಕೊಡುವ, ಸಲಹೆ ಕೇಳುವ ಸಂಬಂಧಗಳು ಕಡಿಮೆಯಾದವು. ಸಾಲ ಪಡೆಯುವ ಸಂಭವವೇ ಇಲ್ಲದ ಮನೆಗಳ ನಡುವೆಯೂ. ಸಂಘಕ್ಕೆ ಸೇರಿದ ಮನೆ ತನ್ನ ಕಂತಿನ ಲೆಕ್ಕ ನೋಡಿಕೊಂಡಿತು. ಪಕ್ಕದ ಮನೆಯವರು ಅಕ್ಕಿ ಕಡ ಕೇಳಲು ಇನ್ನು ಯಾರ ಹತ್ತಿರ ಹೋಗಬೇಕು ಎನ್ನುವುದು ಆ ಲೆಕ್ಕದಲ್ಲಿ ಇರಲಿಲ್ಲ. ಆ ಹುಡುಗಿಗೆ ಉತ್ತರದಲ್ಲಿ, ಪ್ರಾಜೆಕ್ಟಿನ ಮೊದಲ ಸಂದರ್ಶನ ತಾತನಿಂದಲೇ ಶುರು ಮಾಡಮ್ಮ ಎಂದು ಬರೆದೆ. ಹದಿನೈದು ದಿನಕ್ಕೆ ನಾಲ್ಕು ಪುಟ ಬಂತು, ತಾತ ಯಾರ್ಯಾರ ಫೋನು ಕೇಳಿ ಪಡೆದು ಮಾತಾಡುತ್ತಾರೆಂಬ ನಕ್ಷೆಯ ಸಮೇತ. ಅದರಲ್ಲಿ ಹನ್ನೊಂದು ಮನೆಗಳಿದ್ದವು.